ಸಪ್ಪೆ ಅನ್ನ

ಮಾರ್ಚ್ 4, ಸಂಜೆ

ಹನ್ನೊಂದು ರೂಮು, ಹನ್ನೊಂದು ಬಾತ್‌ರೂಮು ತೊಳೆದೆ. ಏಳನೇ ರೂಮಿನವರು ಟಬ್ ತುಂಬಿಸಿ, ಇಳಿಯದೇ ಹೋಗಿದ್ದಾರೆ. ಬಿರಡೆ ಕಿತ್ತು, ಅಷ್ಟೂ ನೀರು ಹೋಗುವುದನ್ನು ನಿಂತು ನೋಡಿದೆ. ಗೆಸ್ಟ್‌ಹೌಸಿಗೆ ಸಮುದ್ರದ ನೀರನ್ನು ಸಿಹಿ ಮಾಡುವ ಮೆಷಿನ್ ಇದೆ. ದ್ವೀಪದ ಈ ಕಡೆ ನಮಗೆಲ್ಲ ಉಪ್ಪು ಬಾವಿ. ಸ್ಟಾಫಿಗೆ ಮಾತ್ರ ದಿನಕ್ಕೊಂದು ಕ್ಯಾನ್ ಸಿಹಿನೀರು, ಮೂರು ಲೀಟರ್.

ಅತ್ತೆ ಬಾಗಿಲಲ್ಲೇ ಬೈದರು. "ಆರು ತಿಂಗಳ ಬಸುರಿ, ಇದನ್ನೂ ಹೊತ್ಕೊಂಡು ಗುಡ್ಡ ಹತ್ತಿ ಇಳೀತೀಯಲ್ಲೇ!" ಕ್ಯಾನ್ ಮಾತ್ರ ಕೂಸಿನ ಹಾಗೆ ಎತ್ತಿಕೊಂಡು ಒಳಗೆ ಹೋದರು. ನಮ್ಮ ಯಜಮಾನರ ಹಡಗು ಬರುವುದು ಜೂನಿಗೆ. ಅಲ್ಲಿತನಕ ಮನೆಯಲ್ಲಿ ನಾವಿಬ್ಬರೇ.

ಮಾರ್ಚ್ 6

ನರ್ಸ್ ಬಂದಿದ್ದರು. ಅತ್ತೆಯ ಕಾಲು ಒತ್ತಿದರು... ಬೆರಳಿಟ್ಟಲ್ಲಿ ಗುಂಡಿ. ಬಿಪಿ ಜಾಸ್ತಿ. "ಬಾವಿ ನೀರು ಒಂದು ಹನೀನೂ ಬೇಡ. ಕಿಡ್ನಿ ಕೈ ಕೊಡುತ್ತೆ ಅಷ್ಟೆ."

ನಾನು ಕೆಲಸದಲ್ಲಿ ಹೊಟ್ಟೆ ತುಂಬ ಕುಡಿದು ಬರ್ತೀನಿ, ಕ್ಯಾನ್ ಪೂರ್ತಿ ನಿಮಗೆ ಅಂದೆ. "ಆಗ್ಲಿ ಮಹಾರಾಣಿ" ಅಂದರು. ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಮಾರ್ಚ್ 19

ಬರೆಯಲು ಮನಸ್ಸಿಲ್ಲ. ಕ್ಯಾನ್ ದಿನವೂ ಖಾಲಿ. ಬಾವು ಮಾತ್ರ ಮೊಣಕಾಲಿಗೆ ಬಂದಿದೆ. ಭಯ ಆಗುತ್ತಿದೆ.

ಮಾರ್ಚ್ 20

ಸಿಕ್ಕಿಬಿದ್ದರು! ಅನ್ನ ಸಪ್ಪೆ.

ಈ ಮನೆಯಲ್ಲಿ ನಲವತ್ತು ವರ್ಷದಿಂದ ಅನ್ನಕ್ಕೆ ಯಾರೂ ಉಪ್ಪು ಹಾಕಿಲ್ಲ. ಬಾವಿ ನೀರೇ ಸಾಕು. ಸಪ್ಪೆ ಅಂದರೆ ಕ್ಯಾನ್ ನೀರಲ್ಲಿ ಬೆಂದ ಅನ್ನ. ಎರಡು ವಾರ ನೆನಪಿಟ್ಟು ಉಪ್ಪು ಹಾಕಿ ಮುಚ್ಚಿಟ್ಟಿದ್ದಾರೆ, ಇವತ್ತು ಮರೆತರು. ನನ್ನ ಅನ್ನ, ನನ್ನ ಸಾರು, ನನ್ನ ಟೀ, ಎಲ್ಲಕ್ಕೂ ಕ್ಯಾನ್. ತಾವು ಕುಡಿದದ್ದು ಬಾವಿ ನೀರು.

ತಟ್ಟೆ ಸರಿಸಿ ಕೂಗಾಡಿದೆ. ಅತ್ತೆ ತಟ್ಟೆಯನ್ನು ಮತ್ತೆ ನನ್ನ ಮುಂದಕ್ಕೆ ತಳ್ಳಿದರು.

"ನನಗೆ ಮೊದಲಿನ ಎರಡು ಬಸಿರು ನಿಲ್ಲಲಿಲ್ಲ ಕಣೇ. ಆಗ ನೀರಿನ ವಿಷಯ ಯಾರೂ ಹೇಳ್ಲಿಲ್ಲ."

ಅತ್ತುಬಿಟ್ಟೆ. ಆಮೇಲೆ ಆ ಅನ್ನವನ್ನೇ ತಿಂದೆ.

ಮಾರ್ಚ್ 21

ಇನ್ನೊಂದು ಕ್ಯಾನ್ ಕೇಳಿದೆ. ಮ್ಯಾನೇಜರ್ ತಲೆ ಎತ್ತಲಿಲ್ಲ. "ಒಂದು ಸ್ಟಾಫ್, ಒಂದು ಕ್ಯಾನ್. ರೂಲ್ಸ್ ಅಂದ್ರೆ ರೂಲ್ಸ್." ಕಿಟಕಿಯಾಚೆ ಹುಲ್ಲಿಗೆ ಸ್ಪ್ರಿಂಕ್ಲರ್ ತಿರುಗುತ್ತಿತ್ತು. ಹುಲ್ಲು ಯಾವ ಪೋಸ್ಟಿನ ಸ್ಟಾಫೋ.

ಮನೆಗೆ ಬಂದು ಹೇಳಿದೆ. ಅತ್ತೆ ಎರಡೆರಡು ಸಲ ಕೇಳಿದರು. "ಒಂದು ಸ್ಟಾಫ್, ಒಂದು ಕ್ಯಾನ್... ಹಾಗಂದನಾ?"

ಮಾರ್ಚ್ 23

ಆ ಮ್ಯಾನೇಜರ್ ಚಾಪೆ ಕೆಳಗೆ ತೂರಿದರೆ ಅತ್ತೆ ರಂಗೋಲಿ ಕೆಳಗೆ. ಬೆಳಿಗ್ಗೆ ಹತ್ತಕ್ಕೆ ನೋಡುತ್ತೇನೆ, ಮ್ಯಾನೇಜರ್ ಎದುರಿನ ಕುರ್ಚಿಯಲ್ಲಿ! ಆ ಕಾಲಿನಲ್ಲಿ ಗುಡ್ಡ ಹತ್ತಿ ಬಂದಿದ್ದಾರೆ.

"ಅಜ್ಜಿ, ನಿಮಗೆ ಏನು ಕೆಲಸ ಬರುತ್ತೆ?"

"ನಿನಗೆ ಏನು ಬರಲ್ಲ ಹೇಳಪ್ಪ, ಅದನ್ನ ಮಾಡ್ತೀನಿ."

ಆತನಿಗೂ ನಗು ಬಂತು. ಹರಿದ ದಿಂಬಿನ ಕವರುಗಳ ರಾಶಿ ತೋರಿಸಿದ. ಕೂತು ಹೊಲಿಯುವ ಕೆಲಸ, ದಿನಾ ಬೆಳಿಗ್ಗೆ ಎರಡು ತಾಸು. ಹೋಗಿಬರಲು ಲಾಂಡ್ರಿ ಗಾಡಿ. ಸಂಬಳದ ಮಾತೇ ಎತ್ತದೆ ಅತ್ತೆ ಕ್ಯಾನಿಗೆ ಕೈ ಚಾಚಿದರು.

ಏಪ್ರಿಲ್ 8, ರಾತ್ರಿ ಎಂಟು

ನರ್ಸ್ ಮತ್ತೆ ಕಾಲು ಒತ್ತಿದರು. ಗುಂಡಿ ಬೇಗ ತುಂಬಿಕೊಂಡಿತು. ಬಾವು ಪಾದಕ್ಕಿಳಿದಿದೆ. ಆದರೂ ಕುಡಿಯುವ ನೀರು ಸಾಲದು, ಸಂಜೆಯೂ ಕುಡಿಯಬೇಕಂತೆ.

ಸಂಜೆ ಯಾಕೆ ಕುಡಿಯಲ್ಲ ಅಂತ ಇವತ್ತು ಬಾಯಿಬಿಟ್ಟರು. ಓಣಿಗೆಲ್ಲ ಇರುವುದು ಒಂದೇ ಪಾಯಿಖಾನೆ, ಸಮುದ್ರದ ಮೇಲೆ ಹಲಗೆ ಹಾಕಿದ್ದು, ಗೋಣಿಚೀಲದ ಬಾಗಿಲು. ಕತ್ತಲಲ್ಲಿ ಆ ಹಲಗೆಗೆ ಹೆದರಿ, ಇಷ್ಟು ವರ್ಷವೂ ಹೊತ್ತು ಮುಳುಗಿದ ಮೇಲೆ ಬಾಯಾರಿಕೊಂಡೇ ಮಲಗಿದ್ದಾರೆ.

"ಎಷ್ಟೊತ್ತಾದ್ರೂ ಎಬ್ಬಿಸಿ. ಕೈ ಹಿಡ್ಕೊಂಡು ಬರ್ತೀನಿ."

"ಈ ಹೊಟ್ಟೇಲಿ ನೀನು ಬಿದ್ರೆ?"

"ಬಿದ್ರೆ ಇಬ್ಬರೂ ಬೀಳೋಣ ಬಿಡಿ."

ನಕ್ಕರು. ಒಂದು ಲೋಟ ಕುಡಿದರು. ಇನ್ನೊಂದು ತಾವೇ ಬಗ್ಗಿಸಿಕೊಂಡರು. ಅಮ್ಮ ಹೋದ ಮೇಲೆ ಯಾರ ಮೇಲೂ ನನಗೆ ಇಷ್ಟು ಪ್ರೀತಿ ಬಂದಿರಲಿಲ್ಲ. ಹೇಳಲು ನಾಚಿಕೆ, ಅದಕ್ಕೇ ಇಲ್ಲಿ ಬರೆಯ...

ಚಿಲಕದ ಸದ್ದು. ಕಳ್ಳಹೆಜ್ಜೆಯಲ್ಲಿ ಒಬ್ಬರೇ ಹೊರಟಿದ್ದಾರೆ! ಅತ್ತೆ, ನಿಲ್ಲಿ, ಬಂದೆ —