ಹೆಸರು ಹೊರಗುಳಿದ ಜೀರುಂಡೆ

ನೆರೆಗಾಲ, ಮೂರನೆಯ ತಿಂಗಳು, ದಿನ ೪
ಹಸಿರು ಕಲ್ಲನ್ನು ಮರಳಿನಲ್ಲಿ ಉಜ್ಜಿದೆ. ಮೂರನೆಯ ಸಲ. ಹೆಬ್ಬೆರಳುದ್ದದ ಜೀರುಂಡೆ, ಶವದ ಎದೆಯ ಮೇಲಿಡತಕ್ಕದ್ದು. ಅಡಿಯಲ್ಲಿ ಮಂತ್ರ ಕೊರೆದಾಯಿತು — ಸತ್ತವರ ಹೃದಯವನ್ನು ದೇವರು ತೂಗುವ ತಕ್ಕಡಿಯ ಮುಂದೆ ಅದು ತನ್ನೊಡತಿಯ ವಿರುದ್ಧ ನುಡಿಯದಿರಲೆಂದು. ಕೊನೆಗೆ, ತೀರಿಕೊಂಡ ನನ್ನ ಹೆಂಡತಿಯ ಹೆಸರು: ವೆರೆಲ್. ನಲವತ್ತು ವರ್ಷ ಕೂಗಿದ ಹೆಸರು.

ಕಾಯಿಲೆಯಲ್ಲೂ ನಗುತ್ತಲೇ ಹೇಳಿದ್ದಳು: "ನನ್ನ ಎದೆಗೆ ಬಾಯಿ ಜಾಸ್ತಿ ಕಣ್ರೀ. ಸ್ವಲ್ಪ ಆಳವಾಗೇ ಕೊರೀರಿ."

ಬರದ ವರ್ಷ ಮಗಳು ಹಸಿದು ಮಲಗಿದ್ದಾಗ, ಓಸಿರಿಸ ದೇವರ ನೈವೇದ್ಯದಿಂದ ಒಂದು ರೊಟ್ಟಿ ಮಡಿಲಲ್ಲಿ ಬಚ್ಚಿಟ್ಟು ತಂದವಳು. ಬಲ್ಲವರು ಇಬ್ಬರೇ — ನಾನು, ಅವಳ ಹೃದಯ.

ದಿನ ೫
ಶವಕ್ಕೆ ನಾರುಬಟ್ಟೆ ಸುತ್ತುವ ಅಮೆನ್ವ ಬಂದ. ಬುಟ್ಟಿಯಲ್ಲಿದ್ದ ಜೀರುಂಡೆಯ ಗಂಟುಗಳಲ್ಲಿ ವೆರೆಲಳದನ್ನು ಎತ್ತಿ ಕೊಟ್ಟೆ. ಮಂತ್ರಿಸಿ ಕಟ್ಟಿದ ಗಂಟನ್ನು ಕೆತ್ತಿದವನು ಮತ್ತೆ ಬಿಚ್ಚಬಾರದು, ಬಿಚ್ಚಲಿಲ್ಲ.

ದಿನ ೧೮
ಗಿರಾಕಿಯೊಬ್ಬ ಬಂದ. ಅವಸರದವರಿಗೆಂದು ಹೆಸರಿನ ಜಾಗ ಖಾಲಿ ಬಿಟ್ಟು ಕಟ್ಟಿಟ್ಟಿದ್ದ ಜೀರುಂಡೆಯನ್ನು ಅದೇ ಬುಟ್ಟಿಯಿಂದ ತೆಗೆದುಕೊಟ್ಟೆ. ಅವನು ಗಂಟು ಬಿಚ್ಚಿದ. ವೆರೆಲ್ ಎಂದಿತ್ತು. ಹಾಗಾದರೆ ಅವಳ ಎದೆಯ ಮೇಲೆ...

ಓಡಿದೆ — ಈ ಮೊಣಕಾಲುಗಳದ್ದನ್ನು ಓಟವೆನ್ನಬಹುದಾದರೆ. ಅಮೆನ್ವ ಬೈಯಲಿಲ್ಲ. ರಾಳ ಒಣಗಿದೆ, ಪದರಪದರಕ್ಕೂ ಮಂತ್ರ ಮುಗಿದಿದೆ, ಬಿಚ್ಚಿದರೆ ಅವಳನ್ನೇ ಕೊಯ್ದಂತೆ ಎಂದ. ಬಟ್ಟೆಯ ಮೇಲಾದರೂ ಕಟ್ಟೆಂದು ಅಂಗಲಾಚಿದೆ. ಎದೆ ಮುಟ್ಟದ ಮಂತ್ರ ಹೃದಯಕ್ಕೆ ಕೇಳಿಸದು ಎಂದ. ಅದನ್ನು ಅವನಿಗೆ ಕಲಿಸಿದವನು ನಾನೇ.

ಆಮೇಲೆ, ಕೈ ತೊಳೆಯುತ್ತ: "ಹೆಸರಿಲ್ಲದ್ದನ್ನ ಎಷ್ಟು ಜನಕ್ಕೆ ಕೊಟ್ಟಿದೀರಿ, ತಾತ. ಯಾರದ್ದು ಅಂತ ದೇವರಿಗೆ ಗೊತ್ತಾಗುತ್ತೆ ಅಂತಿದ್ರಲ್ಲ. ಈಗ ಗೊತ್ತಾಗಲ್ವಾ?"

ಕೊಂಕೋ ಸಾಂತ್ವನವೋ ತಿಳಿಯಲಿಲ್ಲ. ಕಲ್ಲನ್ನು ಹಿಡಿದು ಹಿಂತಿರುಗಿದೆ.

ದಿನ ೨೦
ಗೋರಿಯ ಬಾಗಿಲು ಮುಚ್ಚಿದರು. ಅಂಗೈಯಲ್ಲಿ ಕಲ್ಲು ಬಿಸಿಯಾಗಿತ್ತು. ಅವಳು ಒಳಗೆ, ಅವಳ ಹೆಸರು ಹೊರಗೆ.

ನಾಲ್ಕನೆಯ ತಿಂಗಳು, ದಿನ ೯
ಉಳಿ ಮುಟ್ಟಿಲ್ಲ. ಪ್ರಾರ್ಥನೆಯೂ ಅರ್ಧಕ್ಕೆ ನಿಲ್ಲುತ್ತದೆ.

ಮಧ್ಯಾಹ್ನ ಬೆಸ್ತರ ಇಯಿ ಬಂದಳು. ಕಳೆದ ವರ್ಷ ಗಂಡನಿಗೆಂದು ಹೆಸರಿಲ್ಲದ ಜೀರುಂಡೆ ಒಯ್ದವಳು. ನನ್ನ ಸುದ್ದಿ ಅವಳ ಕೇರಿಗೂ ತಲುಪಿದೆ. ಎರಡು ಒಣಮೀನು ಹೊಸ್ತಿಲಲ್ಲಿಟ್ಟು, ಹೋಗದೆ ನಿಂತಳು.

"ನಮ್ಮವರದ್ದು ದೇವರಿಗೆ ಗೊತ್ತಾಗಿರುತ್ತೆ ಅಲ್ವಾ, ತಾತ? ನೀವೇ ಅಂದಿದ್ರಿ."

ಗೊತ್ತಾಗಿರುತ್ತದೆ ಮಗಳೇ, ಎಂದೆ. ನೆಮ್ಮದಿಯ ಉಸಿರುಬಿಟ್ಟು ಹೋದಳು.

ವೆರೆಲಳ ಕಲ್ಲನ್ನು ನನ್ನೆದೆಗೆ ಒತ್ತಿಕೊಂಡು ಕುಳಿತೆ. ಖಾತ್ರಿಯಿಲ್ಲದೆ ನಾನಾಡಿದ್ದು ನನ್ನ ಹೃದಯಕ್ಕೆ ಕೇಳಿಸಿದೆ. ಅದು ಒಂದು ದಿನ, ತಕ್ಕಡಿಯ ಮುಂದೆ, ನನ್ನ ವಿರುದ್ಧ —