ನಿಲ್ಲಿ ಅಂದವನಿಗೆ

ನವೆಂಬರ್ ೧೧, ಬುಧವಾರ
ಮಡಿಸುವ ಕೋಣೆಯಿಂದ, ಊಟದ ಬಿಡುವಿನಲ್ಲಿ

ಪ್ರೀತಿಯ ಪುಟ್ಟನಿಗೆ,

ಅಕ್ಕನ ಆಶೀರ್ವಾದ. ಊರಿಗೆಲ್ಲ ನೀನು ‘ಗುಡುಗು’ ಆಗಿರಬಹುದು, ಅರವತ್ತೆರಡು ದಾಟಿ ಗಡ್ಡವೆಲ್ಲ ಬೆಳ್ಳಗಾಗಿರಬಹುದು. ಈ ಕಾಗದದ ಮಟ್ಟಿಗೆ ನೀನು ಪುಟ್ಟನೇ. ಹಾಗಿದ್ದರೆ ಬಯ್ಯುವುದಕ್ಕೆ ನನಗೂ ಸಲೀಸು.

ಉತ್ತರ ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ಹೊಸ ಆಲ್ಬಂ ಬಂದು ಮೂರು ವಾರವಾಯಿತು, ಜೊತೆಗಿದ್ದ ಚೀಟಿಯನ್ನೂ ಓದಿದೆ. “ಅಕ್ಕಾ, ಇದು ನನ್ನ ಕೊನೇ ದೊಡ್ಡ ಕೆಲಸ. ನಿಲ್ಲುತ್ತಾ ಇಲ್ವಾ ಅಂತ ನೀನು ಹೇಳು. ಬಿಡುಗಡೆ ದಿನ ಲಾಂಡ್ರಿಯವರನ್ನೆಲ್ಲ ಕರ್ಕೊಂಡು ವೇದಿಕೆಗೆ ಬಾ. ‘ಇದು ನಮ್ಮ ಹಾಡು’ ಅಂತ ಒಂದು ಮಾತು ನಿನ್ನ ಬಾಯಿಂದಲೇ ಬರಬೇಕು” ಎಂದು ಬರೆದಿದ್ದೀಯ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುನಡುವೆ ಬಾಯಿ ಹಾಕುತ್ತೀಯ, ಆಮೇಲೆ ನಗಿಸುತ್ತೀಯ, ನಾನು ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯುತ್ತದೆ. ಅದಕ್ಕೇ ಕಾಗದ ಹಿಡಿದೆ.

ಕ್ಷೇಮ ಸಮಾಚಾರ ಮೊದಲು ಮುಗಿಸಿಬಿಡುತ್ತೇನೆ. ನನ್ನ ಮಂಡಿ ಹಾಗೇ ಇದೆ. ನಿನ್ನ ಭಾವ ಹಾಗೇ ಇದ್ದಾರೆ, ಅದೂ ಒಂದು ನೋವೇ. ಆಸ್ಪತ್ರೆಯವರು ಲಾಂಡ್ರಿಯನ್ನು ಮುಚ್ಚಿ ಹೊರಗಿನ ಗುತ್ತಿಗೆಗೆ ಕೊಡುತ್ತೇವೆಂದು ಹಿಡಿದ ಹಟ ಬಿಟ್ಟಿಲ್ಲ, ನಾವೂ ಬಿಟ್ಟಿಲ್ಲ. ವಾರ್ಡಿನ ಹೊದಿಕೆಗಳು ಮಾತ್ರ ಹಟಗಿಟ ಏನೂ ಇಲ್ಲದೆ ದಿನಾ ಬಂದು ಬೀಳುತ್ತಿವೆ. ಒಗೆಯುತ್ತಿದ್ದೇವೆ, ಹಿಂಡುತ್ತಿದ್ದೇವೆ, ಮಡಿಸುತ್ತಿದ್ದೇವೆ.

ಈಗ ನಿನ್ನ ಆಲ್ಬಂಗೆ ಬರುತ್ತೇನೆ. ಪುಟ್ಟ, ನಿಲ್ಲುವುದಿಲ್ಲ.

ಮೊದಲ ಸಲ ಮನೆಯಲ್ಲಿ ಕೇಳಿದೆ, ಭಾವನ ಜೊತೆ. ಮೊದಲ ಹಾಡು ಶುರುವಾಗುತ್ತದೆ, ಶುರುವಾಗುತ್ತಲೇ ಇರುತ್ತದೆ. ಸೈರನ್ನು, ಯಾವುದೋ ಯಂತ್ರದ ಗುರ್ ಗುರ್, ಮತ್ತೆ ಸೈರನ್ನು. ಭಾವ ಎದ್ದು ಹೋಗಿ ಒಲೆಯ ಮೇಲೆ ಏನಾದರೂ ಸೀದುಹೋಗುತ್ತಿದೆಯಾ ಎಂದು ನೋಡಿಕೊಂಡು ಬಂದರು. ಕೊನೆಗೆ ನೀನು ಬಾಯಿ ತೆಗೆದೆ. ಹದ್ದು, ಸರಪಳಿ, ಬೆಂಕಿ, ಕತ್ತಲೆ. ಎರಡನೆಯ ಹಾಡಿನಲ್ಲಿ ಕತ್ತಲೆ, ಬೆಂಕಿ, ಸರಪಳಿ, ಹದ್ದು. ಇಷ್ಟು ವರ್ಷ ಈ ಲಾಂಡ್ರಿಯಲ್ಲಿ ದುಡಿದಿದ್ದೇನೆ, ಒಂದು ಸರಪಳಿಯನ್ನೂ ಕಾಣಲಿಲ್ಲ. ಇರುವುದು ಶೌಚಾಲಯಕ್ಕೆ ಹಾಕುವ ಬೀಗ, ಅದರ ಕೀ ಕೇಳಲು ಮೇಲ್ವಿಚಾರಕನ ಮುಂದೆ ನಿಲ್ಲಬೇಕಾದ ಸಾಲು. ಅದರ ಬಗ್ಗೆ ಒಂದು ಸಾಲು ಹಾಡಿದ್ದರೆ ನಾನು ನಿನ್ನ ಕಾಲು ಮುಟ್ಟುತ್ತಿದ್ದೆ, ಚಿಕ್ಕವನಾದರೂ.

ಭಾವ ಪೂರ್ತಿ ಕೇಳಿದರು, ಪಾಪ. “ಗಿಟಾರು ಮಾತ್ರ ಭರ್ಜರಿ ಕಣೇ. ಆದ್ರೆ ಇವನು ಯಾರನ್ನ ಬಯ್ತಾ ಇದಾನೆ? ನನ್ನನ್ನಾ?” ಅಂದರು. ನಾನು ನಕ್ಕೆ. ಆಮೇಲೆ ಯೋಚಿಸಿದರೆ ಅವರು ಹೇಳಿದ್ದು ಸರಿಯಾಗೇ ಇತ್ತು. ಆಲ್ಬಂ ಪೂರ್ತಿ ನೀನು ಎದುರಿಗಿರುವವನಿಗೆ ಅಪ್ಪಣೆ ಕೊಡುತ್ತೀಯ. ಏಳಿ. ಮುರಿಯಿರಿ. ನುಗ್ಗಿ. ಸುಡಿ. ಕೊನೆಯ ಹಾಡಿನಲ್ಲಂತೂ, ಆಲ್ಬಂಗೆ ಅದೇ ಹೆಸರಿಟ್ಟಿದ್ದೀಯಲ್ಲ, ‘ನಿಲ್ಲಿ’, ಅದರಲ್ಲಿ ಆ ಒಂದೇ ಮಾತನ್ನು ಎಷ್ಟು ಸಲ ಕೂಗುತ್ತೀಯೋ ನಿನಗೇ ಗೊತ್ತು.

ನಿನ್ನ ಮೊದಲ ಆಲ್ಬಂ ನೆನಪಿದೆಯಾ? ನೀನು ಇದೇ ಅಂಗಳದಲ್ಲಿ ಬಟ್ಟೆಯ ಗಾಡಿ ತಳ್ಳುತ್ತಿದ್ದಾಗ ಕಟ್ಟಿದ ಹಾಡುಗಳು. ಗಿಟಾರಿನಲ್ಲಿ ತಂತಿಗಿಂತ ಗಂಟು ಜಾಸ್ತಿ. ಡ್ರಮ್ಮಿನವನು ತಾಳಕ್ಕಿಂತ ಒಂದು ಹೆಜ್ಜೆ ಮುಂದೆ ಓಡುತ್ತಿದ್ದ. ಆದರೂ ಇವತ್ತಿಗೂ ಹೊದಿಕೆ ಇಸ್ತ್ರಿ ಮಾಡುವ ರೋಲರ್ ಯಂತ್ರದ ಮುಂದೆ ಯಾರಾದರೂ ಒಬ್ಬರು ‘ಆಚೆ ಹೋಗಿ ನೋಡೋಣ’ ಎಂದು ಗುನುಗಿದರೆ ಉಳಿದವರು ಹಿಡಿದುಕೊಳ್ಳುತ್ತಾರೆ. ಅದು ನಿಂತಿದೆ. ಯಾಕೆ ನಿಂತಿದೆ ಎಂದು ಈ ಮೂರು ವಾರ ತಲೆ ಕೆಡಿಸಿಕೊಂಡೆ. ಅದರಲ್ಲಿ ಎಲ್ಲವೂ ‘ಓಣ’. ಹೋಗೋಣ, ನೋಡೋಣ, ಕೇಳೋಣ, ಬಿದ್ದರೆ ಬೀಳೋಣ. ಹೊಸದರಲ್ಲಿ ಹುಡುಕಿದರೆ ಒಂದು ‘ಓಣ’ ಸಿಗುವುದಿಲ್ಲ. ನೀನು ಯಾವಾಗ ನಮ್ಮ ಸಾಲಿನಿಂದ ಎದ್ದು ಎದುರಿಗೆ ಹೋಗಿ ನಿಂತೆ, ನನಗೆ ತಿಳಿಯಲೇ ಇಲ್ಲ. ಯಾರದೋ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದ ಹಾಗಾಯಿತು ನಿನ್ನ ಕ್ರಾಂತಿ. ನುಗ್ಗಿದರೆ ಕೆಲಸ ಹೋಗುವುದು ನಮ್ಮದು.

ಸುಮ್ಮನೆ ವ್ಯಾಕರಣ ತೆಗೆದು ಜಗಳಕ್ಕೆ ಬಂದಳು ಎನ್ನಬೇಡ. ಇದನ್ನು ನಿನಗೆ ಮೊದಲು ಹೇಳಿದ್ದು ನಾನಲ್ಲ. ಬೇಸಿಗೆಯಲ್ಲಿ ನೀನು ಹಿಮ್ಮೇಳಕ್ಕೆ ನಮ್ಮ ದನಿ ಬೇಕೆಂದು ಮೈಕುಗಳ ಸಮೇತ ಇದೇ ಕೋಣೆಗೆ ಬಂದಿದ್ದೆಯಲ್ಲ, ಒಬ್ಬೊಬ್ಬರ ಮುಂದೆಯೂ ಒಂದೊಂದು ಮೈಕು ನಿಲ್ಲಿಸಿ. ಎಲ್ಲರಿಗೂ ಎಷ್ಟು ಖುಷಿ. ಈಗ ಬಟ್ಟೆಯ ಗಾಡಿ ತಳ್ಳುವ ನಮ್ಮ ಗಾಡಿಯವಳು ತಲೆ ಬಾಚಿಕೊಂಡು ಬಂದಿದ್ದಳು, ಮೈಕಿಗೆ ಮುಖ ಕಾಣುವುದಿಲ್ಲ ಎಂದರೂ ಕೇಳಲಿಲ್ಲ. ನೀನು ‘ನಿಲ್ಲಿ’ ಎಂದು ಹಾಡಿಸಿದೆ. ಎಲ್ಲರೂ ಒಟ್ಟಿಗೆ ‘ನಿಲ್ಲೋಣ’ ಎಂದು ಹಾಡಿದರು. ನೀನು ಕೈ ಎತ್ತಿ ನಿಲ್ಲಿಸಿದೆ.

“ನಿಲ್ಲೋಣ ಅಲ್ಲಮ್ಮಾ, ನಿಲ್ಲಿ.”

ಮತ್ತೆ ಹಾಡಿದರು. ಮತ್ತೆ ‘ನಿಲ್ಲೋಣ’. ಬೇಕೆಂದು ಮಾಡಿದ್ದಲ್ಲ, ಬಾಯಿಗೆ ಬರುತ್ತಿದ್ದುದೇ ಅದು. ಆಗ ರೋಲರ್ ಯಂತ್ರದವಳು, ಎಂದೂ ಎದುರಾಡದವಳು, ಕೇಳಿದಳು:

“ಅಲ್ಲಣ್ಣಾ, ನಮಗೆ ನಾವೇ ‘ನಿಲ್ಲಿ’ ಅಂತ ಹೆಂಗೆ ಹೇಳ್ಕೊಳ್ಳೋದು?”

ನೀನು ನಕ್ಕು, “ಕೇಳೋರಿಗೆ ಹೇಳ್ತಾ ಇರೋದು. ಹಾಡಿ, ಹಾಡಿ” ಅಂದೆ. ಅವರು ಹಾಡಿದರು. ನಾನೂ ಹಾಡಿದೆ. ಎಷ್ಟಾದರೂ ನನ್ನ ತಮ್ಮನ ಹಾಡು.

ಮುಂದೆ ಆದದ್ದನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಹೋದ ವಾರ ನಾವು ಲಾಂಡ್ರಿಯ ಅಂಗಳದಿಂದ ಆಡಳಿತ ಕಚೇರಿಯವರೆಗೆ ಮೆರವಣಿಗೆ ಹೋದೆವು. ಲಾಂಡ್ರಿಯವರ ಹಿಂದೆ ಅಡುಗೆಮನೆಯವರು, ಅವರ ಹಿಂದೆ ಗುಡಿಸುವವರು, ಅಂಥ ಗುಂಪನ್ನು ಆ ಆಸ್ಪತ್ರೆ ನೋಡಿರಲಿಲ್ಲ. ಗಾಡಿಯವಳು ಬಟ್ಟೆಯ ಗಾಡಿಗೆ ಧ್ವನಿವರ್ಧಕ ಕಟ್ಟಿ ನಿನ್ನ ಆಲ್ಬಂನ ಕೊನೆಯ ಹಾಡು ಹಾಕಿದಳು. ಎಲ್ಲರಿಗಿಂತ ಹೆಮ್ಮೆ ಅವಳಿಗೆ. ಅದರ ಶುರುವಿಗೂ ಸೈರನ್ನೇ, ಆ ಸೈರನ್ನಿಗೆ ನಡೆದೆವು, ಗಿಟಾರಿಗೆ ಇನ್ನೂ ಜೋರಾಗಿ ನಡೆದೆವು. ಕಚೇರಿಯ ಗೇಟು ಎದುರಿಗೇ ಕಾಣುತ್ತಿತ್ತು. ಅಷ್ಟರಲ್ಲಿ ನೀನು ಗುಡುಗಿದೆ:

“ನಿಲ್ಲಿ!”

ಮುಂದಿನ ಸಾಲು ನಿಂತುಬಿಟ್ಟಿತು. ಇಷ್ಟು ವರ್ಷ ನಮಗೆ ಯಾರಾದರೂ ಹಾಗೆ ಕೂಗಿದ್ದರೆ ಅದು ಗೇಟಿನ ಕಾವಲುಗಾರ, ಕಾಲಿಗೆ ಅದು ಅಭ್ಯಾಸ. ಹಿಂದಿನವರಿಗೆ ಅಷ್ಟು ಸ್ಪಷ್ಟವಾಗಿ ಕೇಳಿಸಿರಲಿಲ್ಲ, ಅವರು ಬರುತ್ತಲೇ ಇದ್ದರು. ಒಬ್ಬರ ಮೇಲೊಬ್ಬರು ಮುಗ್ಗರಿಸಿದರು. ರೋಲರ್ ಯಂತ್ರದವಳು ಕೆಳಗೆ ಸಿಕ್ಕಿಕೊಂಡಳು, ಬಲಗೈ ಮಣಿಕಟ್ಟು ಮುರಿಯಿತು. ಮೇಲೆ ನೀನು ಇನ್ನೂ “ನಿಲ್ಲಿ, ನಿಲ್ಲಿ” ಎಂದು ಕೂಗುತ್ತಲೇ ಇದ್ದೆ. ಧ್ವನಿವರ್ಧಕದ ಗುಂಡಿ ಯಾವುದೆಂದು ಗಾಬರಿಯಲ್ಲಿ ಗಾಡಿಯವಳಿಗೆ ತೋಚಲಿಲ್ಲ, ತಂತಿಯನ್ನೇ ಕಿತ್ತಳು. ಗೇಟಿನ ಕಾವಲುಗಾರ ಬಿದ್ದವಳನ್ನು ಎತ್ತಲು ಓಡಿ ಬಂದವನು ನನ್ನ ಮುಖ ನೋಡಿ, “ನಾನು ಹೇಳಬೇಕಾಗಿದ್ದನ್ನ ನಿಮ್ಮ ಹಾಡೇ ಹೇಳಿಬಿಡ್ತಲ್ಲಮ್ಮ” ಅಂದ. ಕುಹಕವಿರಲಿಲ್ಲ, ಅವನಿಗೂ ಗಾಬರಿಯೇ. ಆದರೂ ನನಗೆ ನೆಲ ಬಾಯಿ ಬಿಡಬಾರದೆ ಅನ್ನಿಸಿತು.

ಆಮೇಲೆ ಹಾಡಿಲ್ಲದೆಯೇ ಗೇಟಿನವರೆಗೆ ಹೋದೆವು. ಆಡಳಿತದವರು ಮಾತಾಡೋಣ ಎಂದು ಒಪ್ಪಿದ್ದಾರೆ, ಏನಾಗುತ್ತದೋ ನೋಡಬೇಕು. ರೋಲರ್ ಯಂತ್ರದವಳು ಕೈಗೆ ಪಟ್ಟಿ ಹಾಕಿಸಿಕೊಂಡು ಮನೆಯಲ್ಲಿದ್ದಾಳೆ. ನಿನ್ನ ಮೇಲೆ ಅವಳಿಗೆ ಕೋಪವಿಲ್ಲ. “ಅಣ್ಣ ‘ಎದ್ದು ನಿಲ್ಲಿ’ ಅಂತ ಅಂದಿದ್ದು ಅಕ್ಕಾ, ನಮಗೇ ಅರ್ಥ ಆಗ್ಲಿಲ್ಲ” ಅನ್ನುತ್ತಾಳೆ. ಅವಳ ಆ ಮಾತಿಗೆ ನನಗೆ ಬಂದ ಸಿಟ್ಟು ನಿನ್ನ ಆಲ್ಬಂನ ಹಾಡುಗಳನ್ನೆಲ್ಲ ಸೇರಿಸಿದರೂ ಸಿಗುವುದಿಲ್ಲ. ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ, ಆದರೆ ನಿನಗೆ ಮರಳಾಗಿಲ್ಲ, ಚಪ್ಪಾಳೆ ಅಭ್ಯಾಸವಾಗಿದೆ. ಚಪ್ಪಾಳೆ ಹೊಡೆಯುವವರು ಕುರ್ಚಿಯಲ್ಲಿ ಕೂತಿರುತ್ತಾರೆ. ಅವರಿಗೆ ನಿಲ್ಲಿ ಎಂದರೆ ಏಳುತ್ತಾರೆ. ನಾವು ಮೊದಲೇ ನಿಂತಿದ್ದೆವು, ಹಾಗೆಂದು ನಿನಗೆ ನೆನಪಾಗಬೇಕಿತ್ತು.

ಒಳ್ಳೆಯದೇನೂ ಇಲ್ಲವೇ ಎಂದರೆ ಇದೆ. ನಾಲ್ಕನೆಯ ಹಾಡಿನ ನಡುವೆ ಮಾತೆಲ್ಲ ನಿಂತು ಗಿಟಾರೊಂದೇ ನುಡಿಯುತ್ತದಲ್ಲ, ಅಲ್ಲಿ ನನ್ನ ಮೈ ಜುಮ್ಮೆಂದಿತು. ನಿನ್ನ ಬೆರಳಿಗೆ ಇನ್ನೂ ವಯಸ್ಸಾಗಿಲ್ಲ. ಬಾಯಿಗೆ ಆಗಿದೆ. ಆಲ್ಬಂ ಹೊದಿಕೆಯ ಮೇಲಿನ ಚಿತ್ರದ ಬಗ್ಗೆಯೂ ಹೇಳಿಬಿಡುತ್ತೇನೆ: ಹಬೆಯ ನಡುವೆ ನಿನ್ನ ಮುಖ, ಹಿಂದೆ ಮಸುಕಾಗಿ ನಮ್ಮ ಬೆನ್ನುಗಳು. ಗಾಡಿಯವಳು ತನ್ನ ಬೆನ್ನನ್ನು ಗುರುತು ಹಿಡಿದು ಎಲ್ಲರಿಗೂ ತೋರಿಸುತ್ತಿದ್ದಾಳೆ. ತಲೆ ಬಾಚಿಕೊಂಡಿದ್ದು ಕೊನೆಗೂ ಉಪಯೋಗಕ್ಕೆ ಬಂತಂತೆ.

ನೀನು ಕೇಳಿದ್ದಕ್ಕೆ ನೇರ ಉತ್ತರ: ಭಾನುವಾರದ ಬಿಡುಗಡೆಗೆ ಲಾಂಡ್ರಿಯವರೆಲ್ಲ ಬರುತ್ತಾರೆ. ಏನು ಉಡುವುದೆಂದು ವಾರದಿಂದ ಚರ್ಚೆ ನಡೆದಿದೆ, ಆ ಸಂತೋಷಕ್ಕೆ ನಾನು ಕಲ್ಲು ಹಾಕುವುದಿಲ್ಲ. ಮುರಿದ ಕೈಯವಳನ್ನೂ ಕರೆತರುತ್ತಾರೆ, ಅವಳಿಗೆ ಕುರ್ಚಿ ಹಾಕಿಸು. ನಾನು ವೇದಿಕೆಗೆ ಬರುವುದಿಲ್ಲ. ‘ಇದು ನಮ್ಮ ಹಾಡು’ ಎಂಬ ಮಾತು ನನ್ನ ಬಾಯಿಂದ ಬರುವುದಿಲ್ಲ. ಅಕ್ಕ ಕೈಕೊಟ್ಟಳು ಎಂದುಕೋ, ಏನು ಬೇಕಾದರೂ ಅಂದುಕೋ.

ಗಂಟೆ ಹೊಡೆಯಿತು, ಮೂರನೇ ವಾರ್ಡಿನ ಮೂಟೆಗಳು ಬಂದಿವೆ. ಗಂಟಲಿಗೆ ಬಿಸಿನೀರು ಕುಡಿ. ವೇದಿಕೆಯ ಮೇಲೆ ಆ ಚರ್ಮದ ಕೋಟು ಹಾಕಿಕೊಂಡು ಬೆವರಬೇಡ, ಆಮೇಲೆ ಕೆಮ್ಮುತ್ತೀಯ. ಬಯ್ದಿದ್ದೆಲ್ಲ ನಿನ್ನ ಹಾಡಿಗೆ; ನಿನಗೆ ಮಾತ್ರ ನೂರು ವರ್ಷ ಆಯಸ್ಸಿರಲಿ, ಕೈ ನಡುಗದಿರಲಿ.

ನಿನ್ನ
ಅಕ್ಕ

ತಾ.ಕ.: ಮೇಲೆ ಬರೆದದ್ದೆಲ್ಲ ನಿಜ, ಒಂದಕ್ಷರವನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ಹಾಡು ಚೆನ್ನಾಗಿಲ್ಲ ಎಂದು ಮೂರು ವಾರ ಬಾಯಿ ಮುಚ್ಚಿಕೊಂಡಿರುವವಳಲ್ಲ ನಾನು. ನಿನ್ನ ಕೆಟ್ಟ ಹಾಡುಗಳನ್ನೆಲ್ಲ ಕೇಳಿದ ದಿನವೇ ಬಯ್ದಿದ್ದೇನೆ.

ಆಲ್ಬಂ ತಂದುಕೊಟ್ಟವನು ನಿನ್ನ ರೆಕಾರ್ಡಿಂಗಿನವನು. ಒಳ್ಳೆಯ ಮನುಷ್ಯ, ಸುಳ್ಳು ಬರುವುದಿಲ್ಲ. ಟೀ ಕುಡಿಯುತ್ತಾ ಹೇಳಿಬಿಟ್ಟ: “ಬೇಜಾರು ಮಾಡ್ಕೋಬೇಡಿ ಅಮ್ಮಾ, ಕೊನೇ ಹಾಡಲ್ಲಿ ನಿಮ್ಮೊಬ್ಬರ ದನಿ ತೆಗೀಬೇಕಾಯ್ತು. ಅಣ್ಣನ ದನಿ ಯಾವುದು, ನಿಮ್ಮದು ಯಾವುದು ಗೊತ್ತೇ ಆಗ್ತಿರ್ಲಿಲ್ಲ. ‘ಆ ಒಂದು ದನಿ ನನಗೆ ಅಡ್ಡ ಬರ್ತಿದೆ, ತೆಗಿ’ ಅಂದ್ರು.” ಚಿಕ್ಕಂದಿನಲ್ಲಿ ಬಚ್ಚಲಲ್ಲಿ ಹಾಡುತ್ತಿರುವುದು ನೀನೋ ನಾನೋ ಎಂದು ಅಮ್ಮನಿಗೇ ತಿಳಿಯುತ್ತಿರಲಿಲ್ಲ. ಆಮೇಲೆ ನಿನ್ನದು ಒಡೆದು ಗಂಡಸಿನ ದನಿಯಾಯಿತು. ಈಗ ನನ್ನದು ವಯಸ್ಸಿಗೆ ದಪ್ಪವಾಗಿ, ನಿನ್ನದು ಕೂಗಿ ಕೂಗಿ ಸವೆದು, ಮತ್ತೆ ಒಂದೇ ಆಗಿವೆಯಂತೆ. ಅಡ್ಡ ಬಂದ ದನಿ ಯಾರದೆಂದು ನಿನಗೆ ಗೊತ್ತಿತ್ತೋ ಇಲ್ಲವೋ, ಅದನ್ನು ಮಾತ್ರ ನನಗೆ ಎಂದೂ ಹೇಳಬೇಡ.

ಮರುದಿನ ಇದೇ ಕೋಣೆಯಲ್ಲಿ ಎಲ್ಲರೂ ಕೂತು ಆ ಹಾಡು ಕೇಳಿದೆವು. ಹಿಮ್ಮೇಳ ಬಂದಾಗ ಒಬ್ಬೊಬ್ಬರೂ “ಇಗೋ ಇದು ನಾನು”, “ಇದು ನಾನು” ಎಂದು ತಮ್ಮ ತಮ್ಮ ದನಿಗೆ ಬೆರಳು ತೋರಿಸಿದರು. “ಅಕ್ಕಾ, ನೀನೆಲ್ಲಿ?” ಎಂದಳು ಗಾಡಿಯವಳು. ನಿನ್ನ ದನಿ ಮೇಲಿನ ಸ್ವರಕ್ಕೆ ಏರುವವರೆಗೂ ನಾನು ಕಾದೆ. ಏರಿದಾಗ ಬೆರಳೆತ್ತಿ, “ಇಗೋ, ನಾನು” ಅಂದೆ.

“ಹೌದಲ್ಲಾ! ಎಲ್ಲರಿಗಿಂತ ನಿಂದೇ ಚೆನ್ನಾಗಿ ಕೇಳ್ತಿದೆ ಅಕ್ಕಾ” ಅಂದಳು.

ಹೂಂ ಅಂದೆ.