ಬಲಭುಜದ ಹೂವು

ಫೆಬ್ರವರಿ 10, 2025. ಸೋಮವಾರ. ಬೆಳಿಗ್ಗೆ 6.30

ಕಲ್ಲು ಒದ್ದೆ ಮಾಡಿ ನಮ್ಮೂರ ದೇವತೆ ಕೋಡಮ್ಮನ ಎರಡು ಭುಜಕ್ಕೂ ಚೆಂಡುಹೂ ಅಂಟಿಸಿದೆ. ಎರಡೂ ಕೈಯಿಂದ, ಒಂದೇ ಏಟಿಗೆ. ಅದು ಇಲ್ಲಿನ ಕಟ್ಟಳೆ. ಪ್ರಶ್ನೆ ಕೇಳಿದಾಗ ಅಮ್ಮನ ಬಲಭುಜದ್ದು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ. ಅಣ್ಣ ತೀರಿಕೊಂಡ ಮೇಲೆ ಪೂಜೆ ನನ್ನದು. ಮೂರು ತಿಂಗಳಾಯಿತು. ಶೆಟ್ಟಿಹಳ್ಳಿ ಇಂಥ ಪೂಜಾರಿಯನ್ನು ಕಂಡಿರಲಿಲ್ಲ! ಎಡಗೈ ಹೆಬ್ಬೆರಳನ್ನು ಏಳನೇ ಕ್ಲಾಸಿನಲ್ಲೇ ಕಬ್ಬಿನ ಗಾಣ ನುಂಗಿತು. ಉಳಿದ ಒಂಬತ್ತರಲ್ಲೇ ಊರಿನ ಅರ್ಧ ದವಡೆ ಮುರಿದಿದ್ದೇನೆ.

ನಿನ್ನೆ ಬಾಲರಾಜು 'ಅದು ಬರೀ ಕಲ್ಲು ಕಣೋ' ಅಂದ. ಮುಂದಿನ ಹಲ್ಲು ಹೋಯಿತು.

ಅಣ್ಣನ ಮಗಳು ಚೈತ್ರ ನಕ್ಕಳು. ಸಹಕಾರನಗರದ ಕಾಲೇಜಿನಲ್ಲಿ ಲೆಕ್ಕದ ಮೇಡಂ.

'ಹಲ್ಲು ಮುರಿದ್ರೆ ದೇವ್ರು ಪ್ರೂವ್ ಆಗಲ್ಲ ಚಿಕ್ಕಪ್ಪ. ದಿನಾ ಒಂದೇ ಪ್ರಶ್ನೆ ಕೇಳಿ, ನೀನಿದ್ದೀಯಾ ಅಂತ. ಹತ್ತು ದಿನವೂ ಬಲಕ್ಕೇ ಬೀಳ್ಲಿ ನೋಡೋಣ. ಸುಮ್ಸುಮ್ನೆ ಹಂಗಾಗೋದು ಸಾವಿರದ ಇಪ್ಪತ್ನಾಲ್ಕು ಸಲಕ್ಕೆ ಒಂದೇ ಸಲ.'

'ಆಗ ಒಪ್ತೀಯೇನೇ?'

'ಆಗ ಯೋಚ್ನೆ ಮಾಡ್ತೀನಿ.'

ಫೆಬ್ರವರಿ 20. ಗುರುವಾರ

ಹತ್ತಕ್ಕೆ ಹತ್ತು! ಎಲ್ಲವೂ ಬಲಕ್ಕೆ. ಮೈಕ್ ಹಾಕಿ ಕೂಗಿದೆ — ಲೆಕ್ಕದಲ್ಲೇ ಸಾಬೀತಾಯಿತು, ಅಮ್ಮ ಇದ್ದಾಳೆ. ಬಾಲರಾಜು ಹಲ್ಲು ಹೋದ ಬಾಯಲ್ಲೇ ಕೈಮುಗಿದ.

ಚೈತ್ರ ಮಾತ್ರ ಕೊಂಕು ತೆಗೆದಳು. 'ಹೂವು ಎರಡೂ ಕಡೆ ಒಂದೇ ಥರ ಅಂಟಿತ್ತಾ? ಅದನ್ನ ನೋಡಿದ್ರಾ?'

'ಹೋಗೇ, ಸೋತೋಳೆ.'

ಫೆಬ್ರವರಿ 21. ಶುಕ್ರವಾರ. ಸಂಜೆ

ನಿನ್ನೆ ರಾತ್ರಿ ಯಾರೋ ಚಿಕ್ಕಬೈರಪ್ಪನ ಜೆಸಿಬಿಗೆ ಬೆಂಕಿ ಇಟ್ಟಿದ್ದಾರೆ. ಅವನು ಈಗ ಬಿಲ್ಡರ್, ಊರೇ ಅವನ ಹಿಂದೆ. ನೀರಿನ ಟ್ಯಾಂಕರಿನ ಅಶ್ವತ್ಥ್ ಜೊತೆ ಅವನಿಗೆ ಜಗಳವಿತ್ತು. ಅಶ್ವತ್ಥ್‌ನನ್ನು ಕೂದಲು ಹಿಡಿದು ಗುಡಿಗೆ ಎಳೆದು ತಂದರು.

'ಕೇಳು ಆಂಜಿನಪ್ಪ. ಇವ್ನೇನಾ?' ಅಂದ ಚಿಕ್ಕಬೈರಪ್ಪ.

ಕೇಳಿದೆ. ಕಣ್ಣು ಮಿಟುಕಿಸುವುದರೊಳಗೆ ಬಲಗಡೆಯದು ಬಿತ್ತು.

'ಸರ್ಯಾಗಿ ನೋಡ್ದಾ?'

'ಸಾವಿರದ ಇಪ್ಪತ್ನಾಲ್ಕಕ್ಕೆ ಒಂದು ಕಣಣ್ಣ! ಅಮ್ಮ ತಪ್ಪಲ್ಲ!'

ಕಬ್ಬಿಣದ ರಾಡು. ಮೊದಲು ಎಡ ಮೊಣಕಾಲು. ಹಸಿ ಬಿದಿರು ಸೀಳಿದ ಸದ್ದು. ಆಮೇಲೆ ಬಲ. ರಕ್ತ ಹೊಸಿಲು ದಾಟಿ ಒಳಗೆ ಬಂತು. ಅವನು 'ಅಮ್ಮಾ' ಅಂತಲೇ ಕೂಗುತ್ತಿದ್ದ. ಹೆತ್ತವಳನ್ನೋ, ಇವಳನ್ನೋ...

ನಾನೂ ಒದ್ದೆ. ಒಂದು ಸಲ. ಹೊಟ್ಟೆಗೆ.

ಫೆಬ್ರವರಿ 27. ಗುರುವಾರ

ಬರೆಯಲು ಆಗಿರಲಿಲ್ಲ.

ಚೈತ್ರ ಮೊಬೈಲ್ ತಂದು ಮುಖಕ್ಕೆ ಹಿಡಿದಳು. ಹುಣಸಮಾರನಹಳ್ಳಿಯ ಛತ್ರದ ಕ್ಯಾಮೆರಾ. ಜೆಸಿಬಿ ಉರಿಯುವ ಹೊತ್ತಿಗೆ ಅಶ್ವತ್ಥ್ ಅಲ್ಲಿ ಟ್ಯಾಂಕರಿನಿಂದ ಸಂಪ್‌ಗೆ ನೀರು ಬಿಡುತ್ತಾ ನಿಂತಿದ್ದಾನೆ. ಬೀಡಿ ಸೇದುತ್ತಾ.

'ಹಂಗಾದ್ರೆ ಅಮ್ಮ ಯಾಕೆ...' ಅಂದೆ.

ಅವಳು ಅರಿಶಿನ ಕಲಸಿ ನನ್ನ ಎರಡೂ ಕೈಗೆ ಬಳಿದಳು. 'ಹೂ ಅಂಟಿಸೋ ಥರ ಗೋಡೆಗೆ ಒತ್ತಿ.'

ಒತ್ತಿದೆ. ಬಲಗೈಯ ಗುರುತು ದಟ್ಟ. ಎಡಗೈಯದು ಕಂಡೂ ಕಾಣದಷ್ಟು ತೆಳು.

'ಅಮ್ಮನ ಬಲಭುಜ ನಿಮ್ಮ ಎಡಗೈಗೆ ಸಿಗೋದು. ಅಲ್ಲಿ ಹೂವು ಸರ್ಯಾಗಿ ಅಂಟೋದೇ ಇಲ್ಲ. ಏನೇ ಕೇಳಿದ್ರೂ ಹೌದು ಅನ್ನತ್ತೆ. ಹತ್ತು ಸಲವೂ ಬಿದ್ದಿದ್ದು ನಿಮ್ಮ ಇಲ್ಲದ ಬೆರಳಿಂದ ಚಿಕ್ಕಪ್ಪ.'

ಹೊಡೆಯಲು ಕೈ ಎತ್ತಿದೆ. ಎಡಗೈ. ಇಳಿಸಿದೆ.

ಚಿಕ್ಕಬೈರಪ್ಪನ ಮನೆಗೆ ಓಡಿದೆ. ಕೈ ತೋರಿಸಿದೆ, ಎಲ್ಲ ಹೇಳಿದೆ. ನನ್ನ ಕುತ್ತಿಗೆ ಹಿಡಿದು ಗೋಡೆಗೆ ಅದುಮಿದ.

'ಮೈಕಲ್ಲಿ ಕೂಗ್ದೋನು ನೀನೇ ಅಲ್ವೇನೋ? ಅಮ್ಮ ಸುಳ್ಳೇಳಲ್ಲ. ಅವ್ನಲ್ದಿದ್ರೆ ಅವ್ನ ತಮ್ಮ, ಆ ಜಗನ್. ನಾಳೆ ಆರಕ್ಕೆ ಕೇಳ್ತೀಯ. ಬಲಕ್ ಬಿದ್ರೆ ಈ ಸಲ ಕಾಲಲ್ಲ, ತಲೆ.'

ಫೆಬ್ರವರಿ 28. ಶುಕ್ರವಾರ. ಬೆಳಿಗ್ಗೆ 5.40

ಆಸ್ಪತ್ರೆಯಲ್ಲಿ ಅಶ್ವತ್ಥ್‌ನ ಒಂದು ಕಾಲು ತೆಗೆದರಂತೆ.

ಗಂಧ ಗಟ್ಟಿಯಾಗಿ ತೇಯ್ದು ಅಮ್ಮನ ಬಲಭುಜಕ್ಕೆ ಮೆತ್ತಿದ್ದೇನೆ. ಹೂ ಅಂಟಿಸಿ ಎಳೆದು ನೋಡಿದೆ. ಎಸಳು ಕಿತ್ತು ಬಂತು, ಹೂ ಬರಲಿಲ್ಲ. ಎಡಕ್ಕೆ ಬರೀ ನೀರು. ಹೀಗಾದರೆ ಎಡವೇ ಮೊದಲು ಬೀಳಬೇಕು. ಲೆಕ್ಕ ಅದು.

ಆದರೂ ಬಲದ್ದೇ ಬಿದ್ದರೆ? ಆಗ ಬೆರಳಲ್ಲ, ಗಾಳಿಯಲ್ಲ. ಅವಳಿದ್ದಾಳೆ ಅಂತಲೇ. ಚೈತ್ರಳೂ ಒಪ್ಪಬೇಕು.

ಹೊರಗೆ ಬೈಕ್‌ಗಳು ಬಂದವು. ಜಗನ್ ಅಳುತ್ತಿದ್ದಾನೆ. ರಾಡನ್ನು ನೆಲದ ಮೇಲೆ ಎಳೆಯುವ ಸದ್ದು.

ಐವತ್ತೆಂಟು ವರ್ಷದಲ್ಲಿ ಇಂಥದ್ದು ಬೇಡಿಕೊಂಡಿರಲಿಲ್ಲ. ಇವತ್ತೊಂದು ದಿನ ಬರೀ ಕಲ್ಲಾಗಿರು ತಾಯಿ. ಇರಬೇಡ. ನೀನು ಇದ್ದುಬಿಟ್ಟರೆ ಆ ಹುಡುಗ—